ಕಡಲಿಲ್ಲದ ಸೀಮೆಯ ರಹದಾರಿ

ಮಂಡ್ಯ, ಮದ್ದೂರು, ಮಳವಳ್ಳಿಗಳಿಗೆ ಕಾವೇರಿ ಗೊತ್ತು, ಶಿಂಷಾ ಗೊತ್ತು, ವಿ.ಸಿ. ನಾಲೆ ಗೊತ್ತು, ಕಡಲು ಮಾತ್ರ ಘಟ್ಟದಾಚೆಯ ಸಂಗತಿ. ಆದರೂ ಈಚೆಗೆ ಈ ಸೀಮೆಯ ಮನೆಗಳಲ್ಲೂ ಕ್ರೂಸ್ ಹಡಗಿನ ಮಾತು ಕೇಳಿಬರುತ್ತಿದೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ತಂದೆತಾಯಿಯನ್ನು ಮಕ್ಕಳು ಫ್ಲಾರಿಡಾದಿಂದ ಬಹಾಮಾಸ್‌ಗೆ ಹೋಗಿಬರುವ ಹಡಗು ಹತ್ತಿಸುತ್ತಾರೆ. ಊರಿನಲ್ಲೇ ಉಳಿದವರು ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆಗೆ ಹೊರಡುವ ಹಡಗಿನ ಟಿಕೆಟ್ ವಿಚಾರಿಸುತ್ತಾರೆ. ಹತ್ತಿದ ಬಂದರಿಗೇ ಬಂದು ಇಳಿಯುವ ಪ್ರಯಾಣಕ್ಕೆ ಪಾಸ್‌ಪೋರ್ಟ್ ಏಕೆ ಎಂಬ ಪ್ರಶ್ನೆ ಆಗ ಏಳುತ್ತದೆ. ನಿಯಮದ ಪುಸ್ತಕ ಇದಕ್ಕೆ ಚುಟುಕಾದ ಉತ್ತರ ಕೊಟ್ಟೀತು. ಆದರೆ ಆ ನಿಯಮದ ಹಿಂದಿನ ತರ್ಕ ತಿಳಿಯಬೇಕಾದರೆ ಚರಿತ್ರೆಯ ಕಡೆ ತಿರುಗಬೇಕು, ಅದಕ್ಕೆ ಈ ಸೀಮೆಯ ಚರಿತ್ರೆಯೇ ಸಾಕು. ದಾರಿ ಎಷ್ಟು ದೂರ, ಅದು ನೆಲವೋ ನೀರೋ ಎಂಬುದನ್ನು ನೋಡಿ ಯಾವ ಆಳ್ವಿಕೆಯೂ ಪ್ರಯಾಣಿಕನಿಂದ ಕಾಗದ ಕೇಳಿಲ್ಲ. ಹೋಗುವವನು ಯಾರು, ಯಾರ ಗಡಿಯನ್ನು ದಾಟುತ್ತಾನೆ, ಅವನ ಬಗ್ಗೆ ಆ ಗಡಿಯ ಒಡೆಯರಿಗೆ ಏನು ಅಂಜಿಕೆ ಎಂಬುದನ್ನು ನೋಡಿಯೇ ಕೇಳಿದೆ.

ಮೊದಲ ಸಾಕ್ಷ್ಯ ಶ್ರೀರಂಗಪಟ್ಟಣದ್ದು. ಟಿಪ್ಪು ಸುಲ್ತಾನನ ದೂತರು ಕಡಲು ದಾಟಿದ್ದು ಒಂದೆರಡು ಸಲವಲ್ಲ. 1786ರಲ್ಲಿ ಒಂದು ದೊಡ್ಡ ನಿಯೋಗ ಕಾನ್‌ಸ್ಟಾಂಟಿನೋಪಲ್‌ಗೆ ಹೊರಟಿತು. 1788ರಲ್ಲಿ ಇನ್ನೊಂದು ನಿಯೋಗ ಫ್ರಾನ್ಸ್ ತಲುಪಿ ಹದಿನಾರನೆಯ ಲೂಯಿಯನ್ನು ಕಂಡಿತು. ಇವರ ಕೈಯಲ್ಲಿದ್ದದ್ದು ಅರಸನ ಪತ್ರ. ಅದರ ಬಲ ಅರಸನ ಹೆಸರಿನ ಬಲ. ಅಂಥ ಪತ್ರ ಕಾಪಾಡುವಂತೆಯೇ ಕೊಲ್ಲಲೂ ಬಲ್ಲದೆಂಬುದು 1798ರಲ್ಲಿ ಗೊತ್ತಾಯಿತು. ಹಿಂದಿನ ವರ್ಷ ಮಂಗಳೂರಿನಿಂದ ಮಾರಿಷಸ್‌ಗೆ ಹೊರಟ ಇಬ್ಬರು ದೂತರು ವರ್ತಕರ ವೇಷದಲ್ಲಿದ್ದರು, ಫ್ರೆಂಚರ ನೆರವು ಕೇಳಲು ಬಂದದ್ದು ಹೊರಗೆ ತಿಳಿಯಬಾರದೆಂಬುದು ಸುಲ್ತಾನನ ಇಚ್ಛೆಯಾಗಿತ್ತು. ಅಲ್ಲಿನ ಗವರ್ನರ್ ಮಲಾರ್ಟಿಕ್ ಅವರನ್ನು ಬಹಿರಂಗವಾಗಿ ಸ್ವಾಗತಿಸಿ, ಜನವರಿ 30ರಂದು ಟಿಪ್ಪುವಿನ ಸೈನ್ಯಕ್ಕೆ ಸ್ವಯಂಸೇವಕರು ಬೇಕೆಂದು ಘೋಷಣೆಯನ್ನೇ ಹೊರಡಿಸಿದ. ಸಿಕ್ಕಿದವರು ನೂರು ಮಂದಿಯೂ ಇರಲಿಲ್ಲ. ಆದರೆ ಘೋಷಣೆಯ ಸುದ್ದಿ ಕಲ್ಕತ್ತೆಗೆ ಮುಟ್ಟಿತು, ಬ್ರಿಟಿಷ್ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧದ ನೆಪ ಸಿಕ್ಕಿತು. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸನ ಸೈನ್ಯ ಮಳವಳ್ಳಿಯ ಬಯಲಿನಲ್ಲಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿತು. ಸೋಸಲೆಯ ಬಳಿ ಕಾವೇರಿ ದಾಟಿತು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ವೆಲ್ಲೆಸ್ಲಿ ಬೇರೆ ನೆಪ ಹುಡುಕುತ್ತಿದ್ದನೇನೋ, ಅದು ಬೇರೆ ವಾದ. ಇಲ್ಲಿ ಗಮನಿಸಬೇಕಾದ್ದು ಇಷ್ಟೇ: ಹಡಗು ಹತ್ತಿದವರು ವರ್ತಕರೋ ರಾಯಭಾರಿಗಳೋ ಎಂಬ ಗುರುತಿನ ಪ್ರಶ್ನೆ ಅಂದು ಒಂದು ರಾಜ್ಯದ ಅಳಿವು ಉಳಿವಿನ ಪ್ರಶ್ನೆಯಾಗಿತ್ತು.

ಅಲ್ಲಿಂದ ನೂರು ವರ್ಷ ಮುಂದೆ ಬಂದರೆ, ನಮ್ಮ ವಾದಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಆಧಾರ ಸಿಗುತ್ತದೆ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು, ಅಲ್ಲಿಂದ ಮೈಸೂರು ಸಂಸ್ಥಾನದ ಉದ್ದಗಲಕ್ಕೂ ಹಬ್ಬಿತು. ಬೆಂಗಳೂರು–ಮೈಸೂರು ರೈಲು ಆಗಲೇ ಓಡುತ್ತಿತ್ತು. ಮದ್ದೂರು, ಮಂಡ್ಯ ಎರಡೂ ಆ ದಾರಿಯ ನಿಲ್ದಾಣಗಳು. ರೈಲು ಹೋದಲ್ಲೆಲ್ಲ ತಪಾಸಣೆಯೂ ಹೋಯಿತು. ಮದರಾಸು ಪ್ರಾಂತ್ಯದವರು ಜೋಲಾರಪೇಟೆಯಲ್ಲಿ ಮೈಸೂರು ಕಡೆಯ ಪ್ರಯಾಣಿಕರನ್ನು ಇಳಿಸಿ ಪರೀಕ್ಷಿಸುತ್ತಿದ್ದರು. ರೋಗವಿದ್ದ ಸೀಮೆಯಿಂದ ಬಂದವರಿಗೆ 'ಪ್ಲೇಗ್ ಪಾಸ್‌ಪೋರ್ಟ್' ಎಂಬ ಚೀಟಿ ಕೊಡುತ್ತಿದ್ದರು. ಅದನ್ನು ಪಡೆದವನು ತಲುಪಿದ ಊರಿನಲ್ಲಿ ಹತ್ತು ದಿನ ಅಧಿಕಾರಿಯ ಮುಂದೆ ಹಾಜರಾಗಬೇಕಿತ್ತು. ಜನ ಈ ಕಟ್ಟುಪಾಡುಗಳನ್ನು ಸುಮ್ಮನೆ ಸಹಿಸಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಶ್ರೀರಂಗಪಟ್ಟಣದ ಗಂಜಾಂ ಕಡೆ ಪ್ಲೇಗು ಕ್ರಮಗಳ ವಿರುದ್ಧ ದಂಗೆಯೇ ಎದ್ದಿತು. ಇದೇ ಹೊತ್ತಿಗೆ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಜಲವಿದ್ಯುತ್ತಿಗಾಗಿ ಇನ್ನೊಂದು ಬಗೆಯ ಓಡಾಟ ಶುರುವಾಗಿತ್ತು. ಮೈಸೂರಿನ ಡೆಪ್ಯುಟಿ ಚೀಫ್ ಎಂಜಿನಿಯರ್ ಜಾಲಿ ಡಿ ಲಾಟ್‌ಬಿನಿಯರ್ ವಿದ್ಯುತ್ತನ್ನು ದೂರಕ್ಕೆ ಸಾಗಿಸುವ ವಿಧಾನ ನೋಡಿಬರಲು ಯೂರೋಪು, ಅಮೆರಿಕಗಳನ್ನು ಸುತ್ತಿದರು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳೂ ಎಂಜಿನಿಯರುಗಳೂ ಅಮೆರಿಕದಿಂದ, ಎಶರ್ ವೈಸ್ ಕಂಪನಿಯ ಟರ್ಬೈನುಗಳು ಸ್ವಿಟ್ಜರ್‌ಲೆಂಡಿನಿಂದ ಹಡಗೇರಿ ಬಂದವು. ಶಿವನಸಮುದ್ರಕ್ಕೆ ಆಗ ಹತ್ತಿರದ ರೈಲು ನಿಲ್ದಾಣ ಮದ್ದೂರು. 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಎರಡು ಮಹಾಸಾಗರಗಳನ್ನು ದಾಟಿ ಬಂದ ಆ ಎಂಜಿನಿಯರುಗಳಿಂದ ಪಾಸ್‌ಪೋರ್ಟ್ ಕೇಳುವ ಕಾನೂನು ಭಾರತದಲ್ಲಿ ಇರಲೇ ಇಲ್ಲ. ಮದ್ದೂರಿನಲ್ಲಿ ರೈಲು ಹತ್ತಿ ಮದರಾಸಿಗೆ ಹೊರಟ ರೈತನಿಗೋ ವ್ಯಾಪಾರಿಗೋ ಮಾತ್ರ ಪಾಸ್‌ಪೋರ್ಟ್ ಎಂಬ ಹೆಸರಿನ ಚೀಟಿ ಬೇಕಿತ್ತು.

ಪ್ಲೇಗಿನ ಚೀಟಿ ಆರೋಗ್ಯದ ಕ್ರಮ, ಅದನ್ನು ಇಂದಿನ ಪಾಸ್‌ಪೋರ್ಟಿನ ಸಾಲಿಗೆ ಸೇರಿಸುವುದು ತಪ್ಪು ಎಂದು ಯಾರಾದರೂ ಆಕ್ಷೇಪಿಸಬಹುದು. ಸೋಂಕು ತಡೆಯುವುದು ಅಗತ್ಯವಾಗಿತ್ತು, ನಿಜ. ಆದರೆ ಕಾಗದದ ಕೆಲಸ ಏನೆಂದು ನೋಡಿದರೆ ವ್ಯತ್ಯಾಸ ಕಿರಿದಾಗುತ್ತದೆ. ಹೆಸರು, ಊರು, ಹೋಗುವ ಜಾಗ ಬರೆದುಕೊಂಡು, ಒಬ್ಬ ಮನುಷ್ಯನನ್ನು ಅವನ ಊರಿನ ಕಾರಣಕ್ಕೆ ಅನುಮಾನಿಸಿ, ಅವನ ಚಲನೆಯನ್ನು ಅಧಿಕಾರಿಯ ಕಣ್ಣಿನಡಿ ಇಡುವುದು ಎರಡರಲ್ಲೂ ಇದೆ. ಆ ಚೀಟಿಗೆ ಪಾಸ್‌ಪೋರ್ಟ್ ಎಂದು ಹೆಸರಿಟ್ಟವರು ಕೂಡ ಸರ್ಕಾರದವರೇ. ಕೋವಿಡ್ ಕಾಲದಲ್ಲಿ ಜಿಲ್ಲೆಯಿಂದ ಜಿಲ್ಲೆಗೆ ಪಾಸ್ ಪಡೆದು ಓಡಾಡಿದ ಪೀಳಿಗೆಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಭಯ ರೋಗದ್ದಾದರೆ ಗಡಿ ರೈಲು ನಿಲ್ದಾಣಕ್ಕೆ ಬರುತ್ತದೆ. ಯುದ್ಧದ್ದಾದರೆ ಬಂದರಿಗೆ ಹೋಗುತ್ತದೆ.

ಭಯ ಬಣ್ಣದ್ದೂ ಆಗಬಹುದು. ಮಂಡ್ಯದ ಜನ ಇಂದಿಗೂ ಆದರದಿಂದ ನೆನೆಯುವ ಲೆಸ್ಲಿ ಕೋಲ್ಮನ್ ಕೆನಡಾದವರು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದು, ಕೃಷಿ ಇಲಾಖೆಯನ್ನು ಕಟ್ಟಿ, 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಸಕ್ಕರೆ ಕಾರ್ಖಾನೆಗೆ ತಳಹದಿ ಹಾಕಿದವರು. ಅವರು ಬರುವಾಗ ಯಾರೂ ತಡೆಯಲಿಲ್ಲ, ತಡೆಯದಿದ್ದದ್ದು ಮಂಡ್ಯದ ಪುಣ್ಯ. ಅದೇ 1908ರ ಜನವರಿಯಲ್ಲಿ ಕೆನಡಾ ಸರ್ಕಾರ ಒಂದು ಆಜ್ಞೆ ಹೊರಡಿಸಿತ್ತು: ಹುಟ್ಟಿದ ಅಥವಾ ಪೌರರಾಗಿರುವ ದೇಶದಿಂದ ನಡುವೆ ಎಲ್ಲೂ ನಿಲ್ಲದೆ ನೇರ ಪ್ರಯಾಣದಲ್ಲಿ ಬಾರದವರಿಗೆ ಪ್ರವೇಶವಿಲ್ಲ. ಆಜ್ಞೆಯಲ್ಲಿ ಭಾರತದ ಹೆಸರಿರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಭಾರತದಿಂದ ಹಾಗೆ ನೇರವಾಗಿ ಬರಲು ದಾರಿಯೇ ಇರಲಿಲ್ಲ. 1914ರಲ್ಲಿ 376 ಭಾರತೀಯ ಪ್ರಯಾಣಿಕರೊಂದಿಗೆ ಕೆನಡಾದ ವ್ಯಾಂಕೂವರ್ ತಲುಪಿದ 'ಕೊಮಗಾಟ ಮಾರು' ಹಡಗು ಎರಡು ತಿಂಗಳು ಬಂದರಿನಲ್ಲೇ ನಿಂತು, ಬಹುಪಾಲು ಜನರನ್ನು ಹೊತ್ತುಕೊಂಡೇ ಹಿಂದಿರುಗಬೇಕಾಯಿತು. ಆ ಪ್ರಯಾಣಿಕರೂ ಕೋಲ್ಮನ್ನರೂ ಒಂದೇ ಬ್ರಿಟಿಷ್ ಚಕ್ರಾಧಿಪತ್ಯದ ಪ್ರಜೆಗಳು. ದೂರ ಒಂದೇ, ಕಡಲು ಒಂದೇ, ದೊರೆ ಒಬ್ಬನೇ. ಒಬ್ಬರಿಗೆ ತೆರೆದ ಬಾಗಿಲು ಉಳಿದವರಿಗೆ ಮುಚ್ಚಿತ್ತು.

ಮೊದಲ ಮಹಾಯುದ್ಧ ಈ ಅನುಮಾನವನ್ನು ಎಲ್ಲರಿಗೂ ಹಂಚಿತು. ಗೂಢಚಾರರ ಭಯದಿಂದ ಯೂರೋಪಿನ ದೇಶಗಳು ಪಾಸ್‌ಪೋರ್ಟನ್ನು ಕಡ್ಡಾಯ ಮಾಡಿದವು, ಭಾವಚಿತ್ರ ಅಂಟಿಸಿದವು. ಶಾಂತಿ ಬಂದ ಮೇಲೂ ಕೈಬಿಡಲಿಲ್ಲ. 1920ರಲ್ಲಿ ಪ್ಯಾರಿಸಿನಲ್ಲಿ ರಾಷ್ಟ್ರಸಂಘ ಕರೆದ ಸಭೆ ಅದಕ್ಕೆ 32 ಪುಟದ ಪುಸ್ತಿಕೆಯ ಮಾದರಿ ಗೊತ್ತುಮಾಡಿತು. ಅದೇ ವರ್ಷ ಭಾರತಕ್ಕೂ ಪಾಸ್‌ಪೋರ್ಟ್ ಕಾಯಿದೆ ಬಂತು. ಈ ಹೊಸ ವ್ಯವಸ್ಥೆಯಲ್ಲಿ ಮಂಡ್ಯದವರ ಸ್ಥಾನ ವಿಚಿತ್ರವಾಗಿತ್ತು. ಮೈಸೂರು ದೇಶೀಯ ಸಂಸ್ಥಾನವಾದ್ದರಿಂದ ಮಹಾರಾಜರ ಪ್ರಜೆ ಕಾನೂನಿನ ಕಣ್ಣಿನಲ್ಲಿ ಬ್ರಿಟಿಷ್ ಪ್ರಜೆಯಲ್ಲ, ಬ್ರಿಟಿಷರ ರಕ್ಷಣೆಯಲ್ಲಿರುವ ವ್ಯಕ್ತಿ ಮಾತ್ರ. 1939ರ ಜುಲೈ 1ರಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾದಾಗಲೂ ಹಡಗು ಹತ್ತುವ ಮಂಡ್ಯದವನ ಸ್ಥಿತಿ ಇದೇ ಆಗಿತ್ತು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆಂಬ ಕಟ್ಟಳೆಯೇ ನಮ್ಮವರಿಗೆ ದೊಡ್ಡ ತಡೆಯಾಗಿತ್ತು, ಕಾಗದದ ಮಾತು ಅತಿಯಾಯಿತು ಎನ್ನುವವರಿದ್ದಾರೆ. ಮೇಲುಜಾತಿಗಳ ಮಟ್ಟಿಗೆ ಆ ತಡೆ ಇದ್ದದ್ದು ನಿಜ. ಆದರೆ ಅದು ಇಪ್ಪತ್ತನೆಯ ಶತಮಾನದಲ್ಲಿ ಸಡಿಲವಾಗುತ್ತ ಹೋಯಿತು, ಪ್ರಾಯಶ್ಚಿತ್ತದಿಂದಲೋ ಅಲಕ್ಷ್ಯದಿಂದಲೋ ಕರಗಿತು. ಕಾಗದದ ತಡೆ ಅದೇ ಕಾಲದಲ್ಲಿ ಬಿಗಿಯಾಗುತ್ತ ಬಂತು.

ಸ್ವಾತಂತ್ರ್ಯ ಬಂದ ಕೂಡಲೆ ಇದು ಬದಲಾಯಿತೆಂದು ಭಾವಿಸುವುದು ಸುಲಭ, ಹಾಗಾಗಲಿಲ್ಲ. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ಅಮೆರಿಕದಲ್ಲಿ ಕಾನೂನು ಓದಿ, 1962ರ ಚುನಾವಣೆಯಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ಗೆದ್ದರು. ಅವರು ವಿದೇಶಕ್ಕೆ ಹೋದ ದಿನಗಳಲ್ಲಿ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿ. 1920ರ ಕಾಯಿದೆ ದೇಶದೊಳಗೆ ಬರುವವರ ಬಗ್ಗೆ ಹೇಳಿತ್ತೇ ಹೊರತು ಹೊರಗೆ ಹೋಗುವ ನಾಗರಿಕನ ಹಕ್ಕಿನ ಬಗ್ಗೆ ಏನನ್ನೂ ಹೇಳಿರಲಿಲ್ಲ. 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್ ಅವರಿದ್ದ ಪೀಠ, ವಿದೇಶ ಪ್ರಯಾಣ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದೂ ಕಾನೂನಿಲ್ಲದೆ ಅದನ್ನು ಕಿತ್ತುಕೊಳ್ಳಲಾಗದೆಂದೂ ಬಹುಮತದಿಂದ ತೀರ್ಪಿತ್ತಿತು. ಎರಡೇ ತಿಂಗಳಲ್ಲಿ ಪಾಸ್‌ಪೋರ್ಟ್ ಕಾಯಿದೆ ಬಂತು. 1978ರಲ್ಲಿ ಮೇನಕಾ ಗಾಂಧಿ ಪ್ರಕರಣ ಆ ಕಾಯಿದೆಯ ಬಳಕೆಯೂ ನ್ಯಾಯಯುತವಾಗಿರಬೇಕೆಂದಿತು. ಮುಂದೆ ಅದೇ ಕೃಷ್ಣ 2009ರಿಂದ 2012ರವರೆಗೆ ವಿದೇಶಾಂಗ ಸಚಿವರಾದರು. ಇಡೀ ದೇಶದ ಪಾಸ್‌ಪೋರ್ಟ್ ಕೊಡುವ ಖಾತೆ ಸೋಮನಹಳ್ಳಿಯವರ ಕೈಗೆ ಬಂತು. ಪಾಸ್‌ಪೋರ್ಟ್ ಸೇವಾ ಕೇಂದ್ರಗಳು 2010ರಲ್ಲಿ ಪ್ರಯೋಗವಾಗಿ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಹಾಗಾದರೆ ಅನುಮಾನದ ಹೊಟ್ಟೆಯಲ್ಲಿ ಹುಟ್ಟಿದ ಈ ಪುಸ್ತಿಕೆಯನ್ನು ನಾವೇ ಮುಂದಾಗಿ ಜೇಬಿನಲ್ಲಿಟ್ಟುಕೊಳ್ಳುವುದೇಕೆ? ಚರಿತ್ರೆ ಓದಿದವರ ಈ ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ 1967ರ ನಂತರದ ಪಾಸ್‌ಪೋರ್ಟ್ ಪ್ಲೇಗಿನ ಚೀಟಿಯಂತೆ ಒಮ್ಮುಖದ್ದಲ್ಲ. ಅದರ ಒಳಪುಟದಲ್ಲಿ ಭಾರತದ ರಾಷ್ಟ್ರಪತಿಯ ಹೆಸರಿನಲ್ಲಿ ಪರದೇಶದವರಿಗೆ ಒಂದು ಕೋರಿಕೆ ಇದೆ: ಇವರನ್ನು ಅಡ್ಡಿಯಿಲ್ಲದೆ ಹೋಗಲು ಬಿಡಿ, ನೆರವನ್ನೂ ರಕ್ಷಣೆಯನ್ನೂ ಕೊಡಿ ಎಂದು. ಟಿಪ್ಪುವಿನ ದೂತರ ಹಿಂದೆ ಅರಸನ ಪತ್ರವಿದ್ದಂತೆ ಇಂದು ಒಬ್ಬ ಸಾಮಾನ್ಯ ಪ್ರಯಾಣಿಕನ ಹಿಂದೆ ಗಣರಾಜ್ಯ ನಿಲ್ಲುತ್ತದೆ. ಆ ಪುಸ್ತಿಕೆಯನ್ನು ಮನೆಯಲ್ಲಿ ಬಿಟ್ಟರೆ ಅನುಮಾನ ತಪ್ಪುವುದಿಲ್ಲ, ರಕ್ಷಣೆ ಮಾತ್ರ ತಪ್ಪುತ್ತದೆ.

ಇಷ್ಟು ತಿಳಿದ ಮೇಲೆ ಕ್ರೂಸಿನ ಪ್ರಶ್ನೆಗೆ ಉತ್ತರ ಕಷ್ಟವಲ್ಲ. ಮುಂಬೈಯಲ್ಲೋ ಕೊಚ್ಚಿಯಲ್ಲೋ ಹತ್ತಿ, ಭಾರತದ ಬಂದರುಗಳನ್ನೇ ಮುಟ್ಟಿ ಇಳಿಯುವ ಭಾರತೀಯನಿಗೆ ಪಾಸ್‌ಪೋರ್ಟ್ ಬೇಕಿಲ್ಲ. ಸರ್ಕಾರ ಕೊಟ್ಟ ಭಾವಚಿತ್ರವಿರುವ ಗುರುತಿನ ಚೀಟಿ ಸಾಕು. ಆದರೆ ಹಡಗು ಲಕ್ಷದ್ವೀಪದಲ್ಲಿ ನಿಲ್ಲುವುದಾದರೆ ಬೇರೆ ಮಾತು. ದ್ವೀಪದ ಮೂಲನಿವಾಸಿಗಳ ಹಿತಕ್ಕಾಗಿ ಮಾಡಿದ 1967ರ ನಿಯಮಗಳ ಪ್ರಕಾರ ಅಲ್ಲಿಗೆ ಹೋಗಲು ಭಾರತೀಯರಿಗೂ ಪರವಾನಗಿ ಬೇಕು. ವಿದೇಶಕ್ಕೆ ಹೋಗುವುದು ಹಕ್ಕೆಂದು ಸುಪ್ರೀಂ ಕೋರ್ಟು ಹೇಳಿದ ವರ್ಷವೇ ಸ್ವದೇಶದ ಒಂದು ಮೂಲೆಗೆ ಹೋಗಲು ಅಪ್ಪಣೆ ಬೇಕೆಂಬ ನಿಯಮ ಬಂದದ್ದು ನಮ್ಮ ವಾದಕ್ಕೆ ಇನ್ನೊಂದು ಆಧಾರ. ಸಾಮಾನ್ಯವಾಗಿ ಈ ಪರವಾನಗಿಯ ವ್ಯವಸ್ಥೆಯನ್ನು ಪ್ರವಾಸದ ಏಜೆಂಟರೇ ಮಾಡುತ್ತಾರೆ; ಮಾಡಿದ್ದಾರೆಯೇ ಎಂದು ಹೊರಡುವ ಮುನ್ನ ಕೇಳಿಕೊಳ್ಳುವುದು ಕ್ಷೇಮ. ಹಡಗು ಚೆನ್ನೈನಿಂದ ಶ್ರೀಲಂಕಾದ ಬಂದರಿಗೆ ಹೋಗುವುದಾದರೆ, ದಡ ಎಷ್ಟೇ ಸಮೀಪವಿದ್ದರೂ, ಪಾಸ್‌ಪೋರ್ಟ್ ಬೇಕೇ ಬೇಕು.

ಅಮೆರಿಕದ ಸಂಗತಿಯಲ್ಲಿ ಎಡವುವವರು ಹೆಚ್ಚು. ಅಲ್ಲಿನ ಒಂದೇ ಬಂದರಿನಿಂದ ಹೊರಟು ಅದೇ ಬಂದರಿಗೆ ಮರಳುವ ಕ್ರೂಸುಗಳಲ್ಲಿ ಅಮೆರಿಕದ ಪ್ರಜೆಗಳು ಪಾಸ್‌ಪೋರ್ಟ್ ಬದಲು ಜನನ ಪ್ರಮಾಣಪತ್ರ ಮತ್ತು ಗುರುತಿನ ಚೀಟಿ ತೋರಿಸಿ ಮರಳಬಹುದೆಂಬ ರಿಯಾಯಿತಿ ಇದೆ. ಮಕ್ಕಳು ಇದನ್ನೇ ಕೇಳಿ ಮನೆಯವರಿಗೆಲ್ಲ ಅನ್ವಯಿಸುತ್ತದೆಂದು ತಿಳಿಯುತ್ತಾರೆ. ಒಂದೇ ಕುಟುಂಬ, ಒಂದೇ ಹಡಗು. ಆದರೆ ಅಲ್ಲಿ ಹುಟ್ಟಿದ ಮೊಮ್ಮಗುವಿಗೆ ಸಿಗುವ ರಿಯಾಯಿತಿ ಮಳವಳ್ಳಿಯಿಂದ ಹೋದ ಅಜ್ಜಿ ತಾತನಿಗೆ ಸಿಗುವುದಿಲ್ಲ. ಅವರಿಗೆ ಭಾರತದ ಪಾಸ್‌ಪೋರ್ಟ್, ಅಮೆರಿಕಕ್ಕೆ ಮತ್ತೆ ಒಳಬರಲು ನಡೆಯುವ ವೀಸಾ, ಮುಟ್ಟುವ ದ್ವೀಪಗಳ ನಿಯಮಕ್ಕೆ ತಕ್ಕ ಕಾಗದ ಎಲ್ಲವೂ ಬೇಕು. ರಿಯಾಯಿತಿ ಇರುವವರಿಗೂ ಪಾಸ್‌ಪೋರ್ಟ್ ಒಯ್ಯುವುದೇ ಜಾಣತನ: ನಡುದಾರಿಯಲ್ಲಿ ಕಾಯಿಲೆ ಬಿದ್ದು ಪರದೇಶದ ಆಸ್ಪತ್ರೆ ಸೇರಿದರೆ, ಇಲ್ಲವೇ ಹಡಗು ತಪ್ಪಿಸಿಕೊಂಡರೆ, ವಿಮಾನದಲ್ಲಿ ಮರಳಲು ಜನನ ಪತ್ರ ಸಾಲದು. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲು ಹಡಗು ಎಲ್ಲಿಗೆ ಮರಳುತ್ತದೆಂದು ಕೇಳುವುದನ್ನು ಬಿಟ್ಟು, ಯಾವ ಯಾವ ಬಂದರು ಮುಟ್ಟುತ್ತದೆ, ನಾವು ಯಾವ ದೇಶದ ಪ್ರಜೆಗಳು ಎಂಬ ಎರಡು ಪ್ರಶ್ನೆ ಕೇಳಿಕೊಳ್ಳಿ. ಒಂದೇ ಒಂದು ಪರದೇಶದ ಬಂದರಿದ್ದರೂ, ಪ್ರಯಾಣ ಮುಗಿದ ಮೇಲೂ ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಪಾಸ್‌ಪೋರ್ಟನ್ನು ಕೈಯಲ್ಲಿಟ್ಟುಕೊಂಡು, ಅದರ ನಕಲನ್ನು ಮನೆಯವರ ಬಳಿ ಬಿಟ್ಟು ಹೊರಡಿ.