ಸೀಟಿ ಊದದೆ ಗೆದ್ದ ಮೇಷ್ಟ್ರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಶಾಲಾ ಕಾಲೇಜುಗಳಲ್ಲಿ ಕಬಡ್ಡಿಯನ್ನೋ ವಾಲಿಬಾಲನ್ನೋ ಆಡಿದವರಿಗೆ ಪಿ.ಟಿ. ಮೇಷ್ಟ್ರು ಹೇಗಿರುತ್ತಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಕೊರಳಲ್ಲಿ ಸೀಟಿ, ಗದರುವ ದನಿ, ತಪ್ಪು ಮಾಡಿದರೆ ಮೈದಾನಕ್ಕೆ ಹತ್ತು ಸುತ್ತು ಓಟ. ಹುಡುಗರನ್ನು ಹೀಗೆ ದಂಡಿಸದೆ ಪಂದ್ಯ ಗೆಲ್ಲಲಾಗದು ಎಂಬ ನಂಬಿಕೆ ನಮ್ಮಲ್ಲಷ್ಟೇ ಅಲ್ಲ, ಅಮೆರಿಕದಲ್ಲೂ ಬಲವಾಗಿ ಬೇರೂರಿತ್ತು. ಅದನ್ನು ಆರು ದಶಕ ಕಾಲ ಸುಳ್ಳು ಮಾಡಿ ತೋರಿಸಿದವರು ಜಾನ್ ಗಲಾರ್ಡಿ. ಅಮೆರಿಕದ ಕಾಲೇಜು ಫುಟ್‌ಬಾಲಿನ ಚರಿತ್ರೆಯಲ್ಲಿ ಅತಿ ಹೆಚ್ಚು ಪಂದ್ಯ ಗೆದ್ದ ಮುಖ್ಯ ತರಬೇತುದಾರರು ಇವರೇ.

ಈ ಫುಟ್‌ಬಾಲ್ ನಾವು ಕಾಲಿನಲ್ಲಿ ಒದೆಯುವ ಆಟವಲ್ಲ. ತಂಡಕ್ಕೆ 11 ಮಂದಿ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು, ಇಲ್ಲವೇ ಮುಂದಕ್ಕೆ ಎಸೆಯಬೇಕು. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಸಾಗದಿದ್ದರೆ ಚೆಂಡು ಎದುರಾಳಿಗೆ ಸೇರುತ್ತದೆ. ಚೆಂಡು ಹಿಡಿದು ಓಡುವವನನ್ನು ಮೇಲೆ ಬಿದ್ದು ಕೆಡವುತ್ತಾರೆ. ಕಬಡ್ಡಿಯಲ್ಲಿ ದಾಳಿಗೆ ಬಂದವನನ್ನು ಹಿಡಿದು ಕೆಡವುವುದನ್ನು ಕಂಡವರಿಗೆ ಇದು ಅರ್ಥವಾದೀತು. ಆದರೆ ಇಲ್ಲಿ ಓಟದ ರಭಸ ಹೆಚ್ಚು, ಪೆಟ್ಟೂ ಹೆಚ್ಚು. ತಲೆಗೆ ಹೆಲ್ಮೆಟ್, ಭುಜಕ್ಕೆ ಮೆತ್ತೆ ಇದ್ದೇ ಆಡಬೇಕು.

ಗಲಾರ್ಡಿ ಹುಟ್ಟಿದ್ದು 1926ರಲ್ಲಿ, ಕೊಲೊರಾಡೊ ರಾಜ್ಯದ ಟ್ರಿನಿಡಾಡ್ ಎಂಬ ಕಲ್ಲಿದ್ದಲ ಗಣಿಗಳ ಊರಿನಲ್ಲಿ, ಇಟಲಿ ಮೂಲದ ಕುಟುಂಬದಲ್ಲಿ. 1943ರಲ್ಲಿ ಅವರ ಶಾಲೆಯ ತರಬೇತುದಾರರು ಎರಡನೇ ಮಹಾಯುದ್ಧಕ್ಕೆ ಕರೆ ಬಂದು ಹೊರಟುಹೋದರು. ಶಾಲೆಯವರು ತಂಡವನ್ನೇ ಮುಚ್ಚಲು ಹೊರಟಾಗ, ನಾಯಕನಾಗಿದ್ದ 16ರ ಹುಡುಗ ತಾನೇ ತರಬೇತಿ ಕೊಡುತ್ತೇನೆಂದು ಒಪ್ಪಿಸಿದ. ಆಟಗಾರನಾಗಿ ತನಗೆ ಬೇಸರ ತರಿಸಿದ್ದನ್ನೆಲ್ಲ ಮೊದಲು ಕೈಬಿಟ್ಟ. ದಣಿದು ಸುಸ್ತಾಗುವವರೆಗಿನ ಕಸರತ್ತು ನಿಂತಿತು. ತಾಲೀಮಿನ ನಡುವೆ ನೀರು ಕುಡಿಯಬಾರದೆಂಬ ಅಂದಿನ ಕಟ್ಟಳೆಯೂ ಹೋಯಿತು. ತಂಡ ಗೆಲ್ಲತೊಡಗಿತು.

1949ರಲ್ಲಿ ಪದವಿ ಮುಗಿಸಿ ಮೊಂಟಾನಾ ರಾಜ್ಯದ ಕ್ಯಾರಲ್ ಕಾಲೇಜಿಗೆ ಹೋದ ಗಲಾರ್ಡಿ, 1953ರಲ್ಲಿ ಮಿನ್ನೆಸೋಟ ರಾಜ್ಯದ ಸೇಂಟ್ ಜಾನ್ಸ್‌ಗೆ ಬಂದರು. ಬೆನೆಡಿಕ್ಟೈನ್ ಸನ್ಯಾಸಿಗಳು ಸ್ಥಾಪಿಸಿದ ಸಣ್ಣ ವಿದ್ಯಾಸಂಸ್ಥೆ ಅದು. ಅಲ್ಲಿಂದ ನಿವೃತ್ತರಾದದ್ದು 60 ಋತುಗಳ ಬಳಿಕ, 2012ರಲ್ಲಿ.

ಅವರ ಪದ್ಧತಿಯೆಂದರೆ 'ಇಲ್ಲ'ಗಳ ಪಟ್ಟಿ. ಸೀಟಿ ಇಲ್ಲ. ಕಡ್ಡಾಯವಾಗಿ ಭಾರ ಎತ್ತಬೇಕೆಂಬ ನಿಯಮ ಇಲ್ಲ. ಶಿಕ್ಷೆಯ ಓಟ ಇಲ್ಲ. ತಂಡಕ್ಕೆ ಸೇರಬಯಸಿದವರನ್ನು ಹೊರಗಿಡುವುದಿಲ್ಲ. ಹೀಗಾಗಿ ತಂಡದಲ್ಲಿ ನೂರೈವತ್ತಕ್ಕೂ ಹೆಚ್ಚು ಹುಡುಗರಿರುತ್ತಿದ್ದ ವರ್ಷಗಳುಂಟು. ತಾಲೀಮು 90 ನಿಮಿಷ ಮೀರುವಂತಿಲ್ಲ. 'ಕೋಚ್' ಎಂದು ಯಾರೂ ಕರೆಯುವಂತಿಲ್ಲ, ಬರೀ 'ಜಾನ್' ಎಂದರೆ ಸಾಕು. ಮೇಷ್ಟ್ರನ್ನು ಹೆಸರು ಹಿಡಿದು ಕರೆದರೆ ಉದ್ಧಟತನವೆನ್ನುವ ನಮ್ಮ ಕಡೆಯವರಿಗೆ ಇದು ಸೋಜಿಗವೇ ಸರಿ. ಎಲ್ಲಕ್ಕಿಂತ ಮುಖ್ಯವಾದದ್ದು, ತಾಲೀಮಿನಲ್ಲಿ ಒಬ್ಬರನ್ನೊಬ್ಬರು ಕೆಡವುವಂತಿರಲಿಲ್ಲ.

ಕೆಡವುವ ಆಟವನ್ನು ಕೆಡವದೆ ಕಲಿಸುವುದು ಹೇಗೆ? ಗಲಾರ್ಡಿಯವರ ತರ್ಕ ಸರಳವಾಗಿತ್ತು. ತಾಲೀಮಿನಲ್ಲಿ ಕಾಲು ಮುರಿದುಕೊಂಡವನು ಪಂದ್ಯದ ದಿನ ಬೆಂಚಿನ ಮೇಲೆ ಕೂರುತ್ತಾನೆ. ಎದುರಾಳಿಯ ನಡೆಯನ್ನು ಮೊದಲೇ ಗುರುತಿಸಿ ಸರಿಯಾದ ಜಾಗಕ್ಕೆ ತಲುಪುವುದೇ ಆಟದ ಮುಕ್ಕಾಲು ಪಾಲು. ಆದುದರಿಂದ ತಾಲೀಮಿನ ಹೊತ್ತೆಲ್ಲ ನಡೆಗಳನ್ನು ಅರಿಯುವುದಕ್ಕೇ ಮೀಸಲು. ಒಂದು ನಡೆ ತಪ್ಪಿದರೆ ಅದು ಸರಿಯಾಗುವವರೆಗೆ ಮತ್ತೆ ಮತ್ತೆ ಆಡಿಸುತ್ತಿದ್ದರು. ಗದರಿಕೆ ಇರಲಿಲ್ಲವೆಂದ ಮಾತ್ರಕ್ಕೆ ಶಿಸ್ತೂ ಇರಲಿಲ್ಲವೆಂದಲ್ಲ.

ಸೇಂಟ್ ಜಾನ್ಸ್ ಆಡುತ್ತಿದ್ದ ಮೂರನೇ ವಿಭಾಗದಲ್ಲಿ ಆಟದ ಬಲದ ಮೇಲೆ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಓದಲು ಬಂದ ಹುಡುಗರನ್ನೇ ಕಟ್ಟಿಕೊಂಡು ಗೆಲ್ಲಬೇಕು. 1963, 1965, 1976 ಮತ್ತು 2003ರಲ್ಲಿ ತಮ್ಮ ತಮ್ಮ ಮಟ್ಟದ ರಾಷ್ಟ್ರೀಯ ಪ್ರಶಸ್ತಿ ಅವರದಾಯಿತು. 2003ರ ಫೈನಲ್‌ನಲ್ಲಿ ಸೋತದ್ದು ಸತತ 55 ಪಂದ್ಯ ಗೆದ್ದು ಬಂದಿದ್ದ ಮೌಂಟ್ ಯೂನಿಯನ್. ಅದೇ ವರ್ಷದ ನವೆಂಬರ್ 8ರಂದು ಬೆಥೆಲ್ ತಂಡವನ್ನು 29-26ರಿಂದ ಮಣಿಸಿದಾಗ ಅದು ಗಲಾರ್ಡಿಯವರ 409ನೇ ಗೆಲುವು. ಲೂಸಿಯಾನಾದ ಕಪ್ಪು ಜನರ ಕಾಲೇಜು ಗ್ರ್ಯಾಂಬ್ಲಿಂಗ್‌ನಲ್ಲಿ ಎಡ್ಡಿ ರಾಬಿನ್‌ಸನ್ ಬೆಳೆಸಿದ್ದ 408ರ ದಾಖಲೆ ಅಂದು ಮುರಿಯಿತು. ಒಟ್ಟು 638 ಪಂದ್ಯಗಳಲ್ಲಿ 489 ಗೆಲುವು, 138 ಸೋಲು, 11 ಸಮ: ಇದು ಕೊನೆಯ ಲೆಕ್ಕ.

ಇಷ್ಟು ಗೆದ್ದರೂ ಬಹುಕಾಲ ಅವರ ದಾರಿ ಹಿಡಿದವರು ವಿರಳ. ಸಣ್ಣ ಕಾಲೇಜಿನಲ್ಲಿ ನಡೆದದ್ದು ದೊಡ್ಡ ಕಡೆ ನಡೆಯದು ಎಂಬುದು ಸಾಮಾನ್ಯ ಉತ್ತರವಾಗಿತ್ತು. ಮತ್ತೆ ಮತ್ತೆ ತಲೆಗೆ ಬೀಳುವ ಪೆಟ್ಟು ಮೆದುಳಿಗೆ ಮಾಡುವ ಹಾನಿಯನ್ನು ವೈದ್ಯರು ಎತ್ತಿ ತೋರಿಸಿದ ಮೇಲೆ ಗಾಳಿ ಬದಲಾಯಿತು. 2010ರಲ್ಲಿ ಡಾರ್ಟ್‌ಮತ್ ಕಾಲೇಜು ತಾಲೀಮಿನಲ್ಲಿ ಆಟಗಾರರನ್ನು ಕೆಡವುವುದನ್ನು ನಿಲ್ಲಿಸಿತು. 2016ರಲ್ಲಿ ಹಾರ್ವರ್ಡ್, ಯೇಲ್ ಒಳಗೊಂಡ ಐವಿ ಲೀಗಿನ ಎಂಟೂ ಸಂಸ್ಥೆಗಳ ತರಬೇತುದಾರರು ಪಂದ್ಯಗಳ ಋತುವಿನಲ್ಲಿ ಅದನ್ನೇ ಪಾಲಿಸಲು ಒಪ್ಪಿದರು.

ಗಲಾರ್ಡಿ 2018ರ ಅಕ್ಟೋಬರ್ 7ರಂದು, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಟ್ರಿನಿಡಾಡಿನ ಹದಿನಾರರ ಹುಡುಗ ತನ್ನ ಗೆಳೆಯರಿಗೆ ಕುಡಿಯಲು ಬಿಟ್ಟ ಒಂದು ಗುಟುಕು ನೀರಿನಿಂದ ಶುರುವಾದ ಕಥೆ ಇದು. ಬಿಸಿಲಿನಲ್ಲಿ ಸುತ್ತು ಹಾಕುತ್ತಿರುವ ಹುಡುಗರು ನಮ್ಮ ಮೈದಾನಗಳಲ್ಲೂ ಇದ್ದಾರೆ.