ಪುಸ್ತಕಕ್ಕೆ ಹತ್ತದ ಮಾತು

ತಿಪಟೂರು ಅಂದರೆ ಕೊಬ್ಬರಿ ಮಂಡಿ. 1923ರಲ್ಲಿ ಅದೇ ಊರಲ್ಲಿ ಹುಟ್ಟಿದ ನರಸಿಂಹರಾಜು ಅವರನ್ನು ಸಿನಿಮಾದ ಹಾಸ್ಯಗಾರ ಅಂತ ಎಲ್ಲರೂ ಬಲ್ಲರು. ಆದರೆ ಅವರಂಥವರನ್ನು ಮಾತು ಕಟ್ಟಿದವರು ಅಂತ ನಮ್ಮ ನಾಟಕ ಚರಿತ್ರೆ ಲೆಕ್ಕಕ್ಕೆ ಹಿಡಿಯೋದು ಕಮ್ಮಿ. ನಮ್ಮ ತಕರಾರು ಇದೇ.

ನಮ್ಮದು ಕಂಪನಿ ನಾಟಕದ ಸೀಮೆ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ತುಮಕೂರು ಪಕ್ಕದ ಬೆಳ್ಳಾವಿಯ ನರಹರಿ ಶಾಸ್ತ್ರಿಗಳು ರಂಗಕ್ಕೆ ನಾಟಕ, ಹಾಡು ಬರೆದರು; 1934ರ ‘ಸತಿ ಸುಲೋಚನಾ’ ಟಾಕಿಗೂ ಬರೆದರು. ಆ ಚಿತ್ರದ ಪ್ರತಿ ಇವತ್ತು ಇಲ್ಲ, ಶಾಸ್ತ್ರಿಗಳ ಹೆಸರು ಇದೆ. ಇರಲಿ, ಅದು ನ್ಯಾಯವೇ. ಆದರೆ ಕಂಪನಿ ನಾಟಕ ಬರೀ ಪುಸ್ತಕದಿಂದ ನಡೀತಿರಲಿಲ್ಲ. ಹಿಂದೆ ಸೀನು ಬದಲಾಯಿಸೋ ತನಕ ಮುಂದಿನ ಪರದೆಯ ಎದುರು ಹಾಸ್ಯಗಾರ ಜನರನ್ನು ಹಿಡಿದು ಕೂರಿಸಬೇಕು. ಹಾರ್ಮೋನಿಯಂ ಎತ್ತಿದ ಮಟ್ಟಿಗೆ ಅಲ್ಲೇ ಹಾಡು ಜೋಡಿಸಬೇಕು. ಊರಿನ ಪಟೇಲ, ಶಾನುಭೋಗ, ಬಡ್ಡಿ ಸಾಹುಕಾರ ಎಲ್ಲರೂ ಅವನ ಬಾಯಿಗೆ ಬೀಳಬೇಕು. ಇದರಲ್ಲಿ ಎಷ್ಟೋ ಮಾತು ಬರವಣಿಗೆಯಲ್ಲಿ ಇರುತ್ತಿರಲಿಲ್ಲ. ನೆಲದ ಟಿಕೇಟಿನಲ್ಲಿ ಕೂತ ಕಾಯಿ ಸುಲಿಯೋರು, ಕೂಲಿಯೋರು ನಕ್ಕರೆ ಮಾತು ನಿಂತಿತು, ಇಲ್ಲದಿದ್ದರೆ ನಾಳೆಗೆ ಬೇರೆ. ಕಾಯಿ ಅಟ್ಟದ ಮೇಲೆ ವರ್ಷ ಕಾದು ಉಂಡೆ ಕೊಬ್ಬರಿ ಆಗುತ್ತೆ. ಹಾಸ್ಯಗಾರನಿಗೆ ಅಷ್ಟು ಪುರಸೊತ್ತು ಎಲ್ಲಿ?

ನರಸಿಂಹರಾಜು ಬೆಳೆದದ್ದು ಈ ಗರಡಿಯಲ್ಲಿ. ಹುಡುಗನಾಗಿದ್ದಾಗಲೇ ಬಣ್ಣ ಹಚ್ಚಿ, ಹಲವು ಕಂಪನಿ ಅಲೆದು ಗುಬ್ಬಿ ಕಂಪನಿಗೆ ಬಂದರು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜಕುಮಾರ್ ಜೊತೆ ಸಿನಿಮಾಕ್ಕೆ ಕಾಲಿಟ್ಟರು. ದೇವರ ಒಡವೆ ಕದ್ದವನು ಪೂಜಾರಿ, ಕಳ್ಳನೆನಿಸಿಕೊಂಡವನು ಬೇಡ. ಆ ಕತೆ ನಮ್ಮೋರಿಗೆ ಯಾಕೆ ಹಿಡಿಸಿತು ಅಂತ ಬಿಡಿಸಿ ಹೇಳಬೇಕಿಲ್ಲ. 1960ರಲ್ಲಿ ರಾಜಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಜೊತೆ ಸೇರಿ ‘ರಣಧೀರ ಕಂಠೀರವ’ ತೆಗೆದರು. ನಟರೇ ದುಡ್ಡು ಹಾಕಿ ಚಿತ್ರ ಮಾಡಿದ್ದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ. 1974ರಲ್ಲಿ ‘ಪ್ರೊಫೆಸರ್ ಹುಚ್ಚೂರಾಯ’ನಾಗಿ ನಾಯಕನ ಪಾತ್ರವೂ ಆಯಿತು.

ಸಿನಿಮಾದಲ್ಲಿ ಅನ್ನ ಸಿಕ್ಕಿತು. ಆದರೆ ಅಲ್ಲಿ ಮಾತು ಬರೆದುಕೊಡುವವರು ಬೇರೆ, ರೀಲಿಗೂ ಲೆಕ್ಕ. ಎದುರಿಗೆ ಕೂತ ಜನರ ಮುಖ ನೋಡಿ ಮಾತು ತಿರುಗಿಸೋ ವಿದ್ಯೆಗೆ ಅಲ್ಲಿ ಜಾಗ ಇಕ್ಕಟ್ಟು.

1979ರ ಜುಲೈ 11ರಂದು ನರಸಿಂಹರಾಜು ತೀರಿಕೊಂಡರು. ಇನ್ನೂ 56 ತುಂಬಿರಲಿಲ್ಲ. ಚಿತ್ರಗಳನ್ನು ಇವತ್ತೂ ಹಾಕಿ ನೋಡಬಹುದು. ಕಂಪನಿಯ ರಾತ್ರಿಗಳಲ್ಲಿ ಆಡಿದ ಮಾತನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ನೆಲದ ಮೇಲೆ ಕೂತು ಕೇಳಿದವರಿಗೆ ಬರೆಯೋಕೆ ಬರುತ್ತಿರಲಿಲ್ಲ.