ಶಿರಾ ಮರಳಿತು, ಬಾರಾಮಹಲ್ ಮರಳಲಿಲ್ಲ

ನಮ್ಮ ತಾವರೆಕೆರೆಗೆ ಶಿರಾ ಹತ್ತಿರದ ಪಟ್ಟಣ. ಆದುದರಿಂದ 1792ರ ಶ್ರೀರಂಗಪಟ್ಟಣದ ಒಪ್ಪಂದವನ್ನು ಬೋಧಿಸುವಾಗ ನಾನು ಶಿರಾದಿಂದಲೇ ಆರಂಭಿಸುತ್ತಿದ್ದೆನು. 1766ರಲ್ಲಿ ಮರಾಠರ ಪಾಲಾದ ಶಿರಾವನ್ನು ಹೈದರಾಲಿಯ ಪರವಾಗಿ ಟಿಪ್ಪು 1774ರಲ್ಲಿ ಮರಳಿ ಪಡೆದನು. ಪೇಶ್ವೆ ಮಾಧವರಾಯನು 1772ರಲ್ಲಿ ತೀರಿಕೊಂಡು, ಮರುವರ್ಷವೇ ನಾರಾಯಣರಾಯನ ಕೊಲೆಯಾಗಿ, ಪುಣೆ ಒಳಜಗಳದಲ್ಲಿ ಮುಳುಗಿತ್ತು. ಹೈದರನು ಕಾದದ್ದು ಫಲಿಸಿತು.

“ಹಾಗಾದರೆ ಟಿಪ್ಪು ಅರ್ಧ ರಾಜ್ಯ ಕೊಟ್ಟದ್ದೂ ಸರಿಯಲ್ಲವೇ ಸಾರ್?” ಎಂದು ಹುಡುಗನೊಬ್ಬ ಕೇಳಿದನು. ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. 2022ರಲ್ಲಿ ರಷ್ಯಾ ಉಕ್ರೇನಿನೊಳಗೆ ನುಗ್ಗಿ, ನೆಲ ಬಿಟ್ಟು ಶಾಂತಿ ಪಡೆಯಬೇಕೇ ಎಂಬ ಚರ್ಚೆ ಎದ್ದಾಗ ಆ ಹುಡುಗ ನೆನಪಾದನು.

ರಾಜಧಾನಿಯೇ ಮುತ್ತಿಗೆಗೆ ಸಿಕ್ಕಿದ್ದಾಗ ಟಿಪ್ಪುವಿಗೆ ಒಪ್ಪದೆ ಗತ್ಯಂತರವಿರಲಿಲ್ಲ. (ತಿರುವಾಂಕೂರಿನ ಮೇಲೆ ಮೊದಲು ದಂಡೆತ್ತಿ ಹೋದವನು ಅವನೇ ಎಂಬುದನ್ನೂ ಮರೆಯಲಾಗದು.) 3 ಕೋಟಿ 30 ಲಕ್ಷ ರೂಪಾಯಿ ದಂಡ, ಒತ್ತೆಯಾಗಿ ಇಬ್ಬರು ಮಕ್ಕಳು. ಮಕ್ಕಳು 1794ರಲ್ಲಿ ಹಿಂದಿರುಗಿದರು. ನೆಲ ಹಿಂದಿರುಗಲಿಲ್ಲ. ಇಂಗ್ಲಿಷರು ಪಡೆದ ಬಾರಾಮಹಲ್, ಮಲಬಾರ್, ಕೊಡಗುಗಳಲ್ಲಿ ಮೈಸೂರಿಗೆ ಘಟ್ಟ ಹತ್ತಿ ಬರುವ ದಾರಿಗಳಿದ್ದವು. ಅಂದು ಆ ಹುಡುಗನ ಮುಂದೆ ಭೂಪಟವನ್ನು ಬಿಚ್ಚಿ, ಎಷ್ಟು ಕೊಟ್ಟನೆಂಬುದಕ್ಕಿಂತ ಯಾವುದನ್ನು ಕೊಟ್ಟನೆಂದು ನೋಡು ಎನ್ನಬೇಕಾಗಿತ್ತು. 1799ರಲ್ಲಿ ಜನರಲ್ ಹ್ಯಾರಿಸನ ಸೈನ್ಯ ಬಾರಾಮಹಲಿನ ಮೂಲಕವೂ ಮುಂಬಯಿಯ ಸೈನ್ಯ ಕೊಡಗಿನ ಮೂಲಕವೂ ಬಂದವು. ಮೇ 4ರಂದು ಕೋಟೆ ಬಿದ್ದಿತು.